ಬುತ್ತಿ ಕಾಯುವ ಕೋಲು

ಹೇಮಾವತಿಯ ಅಡುಗೆಮನೆ ಬಾಗಿಲ ಹಿಂದೆ ಒಂದು ಬಿದಿರ ಕೋಲಿದೆ. ವರ್ಷವಿಡೀ ಅದಕ್ಕೆ ಕೆಲಸವಿಲ್ಲ. ಬೇಸಿಗೆ ರಜೆಯಲ್ಲಿ ಒಂದು ದಿನ ಮಾತ್ರ ಅದು ಹೇಮಾವತಿಯ ಜೊತೆ ಹೊಸಪೇಟೆಯಿಂದ ಹಂಪಿಗೆ ಹೋಗಿ ಬರುತ್ತದೆ.

ಅವಳ ಗಂಡ ತಿಪ್ಪೇಶನಿಗೆ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಏಪ್ರಿಲ್ ಕೊನೆಗೆ ಅವನ ತಂಗಿ ತ್ರಿವೇಣಿ ಮೂರು ಮಕ್ಕಳ ಸಮೇತ ದಾವಣಗೆರೆಯಿಂದ ಬರುತ್ತಾಳೆ. ಈ ರಜೆ ಮಕ್ಕಳಿಗೆ ಸಾಯುವ ತನಕ ನೆನಪಿರಬೇಕೆಂಬುದು ತಿಪ್ಪೇಶನ ಹಟ. ಅದಕ್ಕಾಗಿ ಬಾಡಿಗೆ ಗಾಡಿಗೆ ಹೇಳುತ್ತಾನೆ, ಎಲ್ಲರಿಗೂ ಟೋಪಿ ತರುತ್ತಾನೆ. ಉಳಿದದ್ದು ತಾನಾಗಿಯೇ ಆಗುತ್ತದೆ. ರೊಟ್ಟಿ ತಾವೇ ಬಡಿದುಕೊಳ್ಳುತ್ತವೆ, ಬದನೆಕಾಯಿ ತಾನೇ ಎಣ್ಣೆಗಾಯಾಗುತ್ತದೆ, ಮೊಸರನ್ನ ಹುಳಿಯಾಗದಂತೆ ಹಾಲು ಬೆರೆಸಿಕೊಂಡು ಡಬ್ಬಿಯಲ್ಲಿ ಕೂರುತ್ತದೆ. ಊರಿಗೆ ಮರಳಿದ ಮೇಲೆ ಎಲ್ಲರ ಬಟ್ಟೆಯಲ್ಲಿನ ಹೊಳೆಯ ಕೆಸರೂ ತಾನಾಗಿಯೇ ಹೋಗುತ್ತದೆ.

ಹಂಪಿಯಲ್ಲಿ ಬುತ್ತಿಯ ಚೀಲ ಇಟ್ಟು ಹತ್ತು ಹೆಜ್ಜೆ ಸರಿದರೆ ಅದು ಮಂಗಗಳ ಪಾಲು. ಹಾಗಾಗಿ ಎಲ್ಲರೂ ಹರಿಗೋಲು ಹತ್ತುವಾಗ ಹೊಳೆಯ ಮೇಲಿನ ಕಲ್ಲುಮಂಟಪದಲ್ಲಿ ಒಬ್ಬರು ಕೋಲು ಹಿಡಿದು ಕೂರಲೇಬೇಕು. ಮೊದಲ ವರ್ಷ ಹೇಮಾವತಿ ಬಸುರಿ. ನೀರಿಗೆ ಇಳಿಯುವುದು ಬೇಡವೆಂದು ಕೂರಿಸಿದರು. ಆಮೇಲೆ ಕೂಸು ಸಣ್ಣದೆಂದರು. ಆಮೇಲಾಮೇಲೆ ಯಾರೂ ಕಾರಣ ಹೇಳಲಿಲ್ಲ. ಎಲ್ಲರೂ ಚಪ್ಪಲಿ ಬಿಟ್ಟು ಇಳಿದರು, ಅವಳು ಕೂತಳು. ಒಂದು ವರ್ಷ ಬೇರೆ ಜಾಗವಿರಲೆಂದು ಸಂಡೂರಿನ ನಾರಿಹಳ್ಳದ ಡ್ಯಾಮಿಗೆ ಹೋದರು. ಕೋಲು ಅಲ್ಲಿಗೂ ಬಂತು.

ಹೇಮಾವತಿ ಕಂಪ್ಲಿಯಲ್ಲಿ ಹುಟ್ಟಿದವಳು. ಅಜ್ಜನ ಗದ್ದೆ ಹೊಳೆಯ ಆಚೆ ದಂಡೆಯಲ್ಲಿತ್ತು. ಸಣ್ಣವಳಿದ್ದಾಗ ತಾಯಿಯ ಜೊತೆ ಹರಿಗೋಲಿನಲ್ಲಿ ದಾಟುತ್ತಿದ್ದಳು. ನಡುಹೊಳೆಯಲ್ಲಿ ತಾಯಿ ಅವಳ ಕೈ ಹಿಡಿದು ನೀರಿಗೆ ಇಳಿಬಿಡುತ್ತಿದ್ದಳು. ‘ಕೈ ಆಡಸು. ಹೊಳಿ ನಿನ್ನ ಗುರ್ತು ಹಿಡೀಲಿ.’ ಇಡೀ ಬಾಲ್ಯದಲ್ಲಿ ತಾಯಿ ಸುಮ್ಮನೆ ಕೂತಿದ್ದು ಅವಳಿಗೆ ನೆನಪಿರುವುದು ಆ ಹರಿಗೋಲಿನಲ್ಲಿ ಮಾತ್ರ.

ಮಗಳು ಶಾಂಭವಿಗೂ ಒಮ್ಮೆ ಹಾಗೆ ಕೈ ಹಿಡಿದು ಆ ಮಾತು ಹೇಳಬೇಕೆಂದು ಹೇಮಾವತಿಗೆ ಆಸೆ. ಶಾಂಭವಿ ಈ ಜೂನ್‌ಗೆ ಒಂಬತ್ತನೇ ಕ್ಲಾಸು. ಮುಂದಿನ ಬೇಸಿಗೆಗೆ ಹತ್ತರ ಟ್ಯೂಷನ್ ಶುರು, ಆಮೇಲೆ ಪಿಯುಸಿ. ಆಗುವುದಿದ್ದರೆ ಈ ವರ್ಷವೇ ಆಗಬೇಕು.

ಅವಳೊಂದು ಉಪಾಯ ಮಾಡಿದಳು. ಪ್ರತಿ ವರ್ಷ ಹರಿಗೋಲಾಟ ಮುಗಿಸಿ ಬಂದು ಉಣ್ಣುತ್ತಿದ್ದರು. ಈ ಸಲ ಬೆಳಗಿನ ತಿಂಡಿ ಮಾಡಲಿಲ್ಲ. ಚಹಾ ಕುಡಿಸಿ ಗಾಡಿ ಹತ್ತಿಸಿದಳು. ಗುಡಿಗಳನ್ನು ಸುತ್ತಿ ಮಂಟಪ ಮುಟ್ಟುವ ಹೊತ್ತಿಗೆ ಮಕ್ಕಳು ಹಸಿವೆಂದು ಕೂತವು. ಬಡಿಸಿದಳು. ಎಲ್ಲ ಡಬ್ಬಿಗಳೂ ಖಾಲಿಯಾದವು. ಕಾಯಲು ಏನೂ ಉಳಿಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಎಲ್ಲರ ಜೊತೆ ನಾಲ್ಕು ಮೆಟ್ಟಿಲು ಇಳಿದಳು.

ಆಗ ತ್ರಿವೇಣಿ ತಿರುಗಿ ನೋಡಿದಳು. ‘ಅತ್ತಿಗಿ, ನನ್ನ ಬ್ಯಾಗು ಅಲ್ಲೇ ಐತಲ್ರಿ.’

ಬ್ಯಾಗಿತ್ತು, ಅದರೊಳಗೆ ಮೊಬೈಲುಗಳಿದ್ದವು, ಮಕ್ಕಳ ಒಣಬಟ್ಟೆಯಿತ್ತು, ಪಕ್ಕದಲ್ಲಿ ಎಲ್ಲರ ಚಪ್ಪಲಿಗಳಿದ್ದವು. ತಿಪ್ಪೇಶ ನಕ್ಕ. ‘ನೀನ ಕುಂದ್ರು ಮಾರಾಯ್ತಿ. ಹಂಪಿ ಮಂಗ್ಯಾಗಳೆಲ್ಲ ನಿನ್ನ ಗುರ್ತು ಹಿಡಿತಾವ. ನಮಗೆಲ್ಲಿ ಹೆದರತಾವ?’

ಎಲ್ಲರೂ ನಕ್ಕರು. ನೀವೇ ಕುಂದ್ರಿ ಎಂಬ ಮಾತು ಹೇಮಾವತಿಯ ಬಾಯಿಗೆ ಬಂದು ನಿಂತಿತು. ಅದು ಹೊರಬೀಳುವ ಮೊದಲೇ ಶಾಂಭವಿ ಮೇಲೆ ಹತ್ತಿ ಹೋಗಿ ಕೋಲು ಎತ್ತಿಕೊಂಡಿದ್ದಳು.

‘ನೀ ಹೋಗಿ ಬಾರಮ್ಮಾ. ನಾ ಕುಂದ್ರತೀನಿ.’

ತಿಪ್ಪೇಶ ಮಗಳನ್ನು ಜಾಣಿ ಎಂದು ಹೊಗಳಿ ಟೋಪಿ ಸರಿಮಾಡಿಕೊಂಡ. ತ್ರಿವೇಣಿಯ ಮಕ್ಕಳು ಅತ್ತೆಯ ಎರಡೂ ಕೈ ಹಿಡಿದು ಎಳೆದವು. ಹದಿನಾಲ್ಕು ವರ್ಷಗಳಿಂದ ಬಯಸಿದ್ದ ಜಾಗದಲ್ಲಿ ಹೇಮಾವತಿ ಮಗಳಿಲ್ಲದೆ ಕೂತಳು.

ನಡುಹೊಳೆಯಲ್ಲಿ ಅವಳು ನೀರಿಗೆ ಕೈ ಇಳಿಬಿಟ್ಟಳು. ಹರಿಗೋಲಿನವನು ಹುಟ್ಟು ತಡೆದು, ‘ಕೈ ಒಳಗ ತಗೋರಿ ಅಕ್ಕಾ, ಮೊಸಳಿ ಅದಾವು’ ಎಂದ. ತೆಗೆದುಕೊಂಡಳು. ಮಕ್ಕಳ ಒತ್ತಾಯಕ್ಕೆ ಅವನು ಹರಿಗೋಲನ್ನು ಗಿರಗಿರ ತಿರುಗಿಸಿದ. ಬಂಡೆ, ನೀರು, ಮಂಟಪ. ಬಂಡೆ, ನೀರು, ಮಂಟಪ. ಪ್ರತಿ ಸುತ್ತಿಗೂ ಮಂಟಪದಲ್ಲಿ ಒಂದು ಸಣ್ಣ ಆಕಾರ ಕೈ ಎತ್ತಿ ಆಡಿಸುತ್ತಿತ್ತು. ತನಗೆ ಕೈ ಬೀಸುತ್ತಿದ್ದಾಳೋ, ಮಂಗ ಓಡಿಸುತ್ತಿದ್ದಾಳೋ, ಇಲ್ಲಿಂದ ತಿಳಿಯುತ್ತಿರಲಿಲ್ಲ.

ಪ್ರತಿ ವರ್ಷ ಅಲ್ಲಿ ಕೂತು ಅವಳೂ ಕೈ ಬೀಸಿದ್ದಳು. ರಟ್ಟೆ ನೋಯುವ ತನಕ ಬೀಸಿದ್ದಳು. ಹರಿಗೋಲಿನಿಂದ ಯಾರೂ ತಿರುಗಿ ಬೀಸದಿದ್ದಾಗ, ಮಕ್ಕಳು ಆಟದಲ್ಲಿವೆ ಎಂದುಕೊಂಡಿದ್ದಳು.

ದಡಕ್ಕೆ ಬಂದದ್ದೇ ಅವಳು ಎಲ್ಲರಿಗಿಂತ ಮುಂಚೆ ಮೆಟ್ಟಿಲು ಹತ್ತಿದಳು. ಕಲ್ಲು ಕಾದಿತ್ತು. ಶಾಂಭವಿಯ ಮುಖ ಕೆಂಪಾಗಿತ್ತು.

‘ಯಮ್ಮಾ, ಇಷ್ಟ್ ವರ್ಷ ಏನ್ ಮಾಡ್ತಿದ್ದಿ ಇಲ್ಲಿ ಒಬ್ಬಾಕಿನ?’

‘ನಿಮಗ ಕೈ ಬೀಸ್ತಿದ್ದೆ.’

ಮಗಳು ಕೈಯಲ್ಲಿದ್ದ ಕೋಲು ನೋಡಿದಳು. ‘ಮಂಗ್ಯಾ ಓಡಸ್ತಿ ಅನ್ಕೊಂಡಿದ್ವಿ’ ಎಂದಳು.

ಏದುಸಿರು ಬಿಡುತ್ತ ತಿಪ್ಪೇಶ ಮೇಲೆ ಬಂದ. ಹೇಮಾವತಿ ಮಗಳ ಕೈಯಿಂದ ಕೋಲು ತೆಗೆದು ಅವನ ಕೈಗೆ ಕೊಟ್ಟಳು. ‘ಹಿಡ್ಕೋರಿ. ನಾವಿಬ್ರೂ ಹೋಗಿ ಬರ್ತೀವಿ.’ ಅವನು ಯಾರದೋ ಕೂಸನ್ನು ಹಿಡಿದವನಂತೆ ಅದನ್ನು ಹಿಡಿದು ನಿಂತ.

ಅವರು ಕೆಳಗಿಳಿಯುವ ಹೊತ್ತಿಗೆ ಹರಿಗೋಲಿನವನು ಹರಿಗೋಲನ್ನು ಬೋರಲು ಹಾಕಿ ಊಟಕ್ಕೆ ಹೊರಟಿದ್ದ. ಇನ್ನು ಮೂರು ಗಂಟೆಗೇ ಅಂದ. ಗಾಡಿಯವನು ಎರಡಕ್ಕೆ ಹೊರಡಬೇಕೆಂದಿದ್ದ.

ತಾಯಿ, ಮಗಳು ಬೋರಲು ಬಿದ್ದ ಹರಿಗೋಲಿನ ಪಕ್ಕ ಕೂತರು. ಅಲ್ಲಿ ನೀರು ಮೊಣಕಾಲುದ್ದವೂ ಇರಲಿಲ್ಲ. ಹೇಮಾವತಿ ಮಗಳ ಕೈ ಹಿಡಿದು ನೀರಿಗೆ ಇಳಿಬಿಟ್ಟು ತನ್ನ ತಾಯಿಯ ಮಾತು ಹೇಳಿದಳು. ಶಾಂಭವಿ ನಕ್ಕು ಎರಡು ಸಲ ಕೈ ಆಡಿಸಿದಳು, ಆಮೇಲೆ ಪ್ಯಾಂಟಿಗೆ ಒರೆಸಿಕೊಂಡು ನೆರಳು ಹುಡುಕಿಕೊಂಡು ಆಚೆ ಬಂಡೆಯ ಕಡೆ ಹೋದಳು.

‘ಲೇ ಹೇಮಾ, ಇಲ್ಲಿ ಎಷ್ಟೊತ್ತು ಕುಂದ್ರಬೇಕ?’ ಮಂಟಪದಿಂದ ತಿಪ್ಪೇಶ ಕೂಗಿದ. ಅವನು ಕೂತು ಇನ್ನೂ ಐದು ನಿಮಿಷವಾಗಿರಲಿಲ್ಲ.

ಹೇಮಾವತಿ ತಿರುಗಲಿಲ್ಲ. ಅವಳ ಕೈ ಇನ್ನೂ ನೀರಿನಲ್ಲೇ ಇತ್ತು.