ಚಿನ್ನದ ಕಡ್ಡಿ ಯಾತಕ್ಕೆ?

ಫಿಲಾಂದಿಯಾ ಊರಿನ ಸುತ್ತಲಿನ ಕಾಫಿತೋಟಗಳಲ್ಲಿ ಬೆರ್ತಿಲ್ದಾ ಎಲ್ಲಿ ಎಂದು ಕೇಳಿದರೆ ಜನ ಒಂದು ಕ್ಷಣ ತಲೆ ಕೆರೆದುಕೊಳ್ಳುತ್ತಾರೆ. ‘ಯಾತಕ್ಕಮ್ಮ’ ಎಲ್ಲಿ ಎಂದರೆ ನೇರ ಒಲೆಯ ಮುಂದೆ ತಂದು ನಿಲ್ಲಿಸುತ್ತಾರೆ. ಕೊಯ್ಲಿನ ಕಾಲಕ್ಕೆ ಹಣ್ಣು ಬಿಡಿಸಲು ಬರುವ ಆಳುಗಳಿಗೆ ಅಡುಗೆ ಮಾಡಿಹಾಕುವುದು ಅವಳ ಕೆಲಸ. ಬೆಳಕು ಹರಿಯುವ ಮೊದಲೇ ಮೆಕ್ಕೆಜೋಳದ ಅರೆಪಾ ರೊಟ್ಟಿ ತಟ್ಟಿ, ಬೆಲ್ಲದ ನೀರು ಕಾಯಿಸಿ, ಮಧ್ಯಾಹ್ನಕ್ಕೆ ಹಂಡೆಗಟ್ಟಲೆ ಕೆಂಪು ಬೀನ್ಸ್ ಕಾಳು ಬೇಯಿಸುತ್ತಾಳೆ. ಬಡಿಸುವಾಗ ಸೌಟಿನ ಜೊತೆಗೆ ಒಂದು ಪ್ರಶ್ನೆಯೂ ಬೀಳುತ್ತದೆ. ನಿಮ್ಮೂರಲ್ಲಿ ಬಾಳೆ ಯಾಕೆ ಸಣ್ಣ? ನಿನ್ನ ಕುತ್ತಿಗೆಯ ತಾಯತದೊಳಗೆ ಏನಿದೆ? ಉತ್ತರ ಹೇಳಿದವನಿಗೆ ಹುರಿದ ಹಂದಿಚರ್ಮದ ತುಂಡು ಒಂದು ಹೆಚ್ಚು ಸಿಗುತ್ತದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಅದಕ್ಕಾಗಿ ಸುಳ್ಳು ಕಟ್ಟಿ ಹೇಳುವವರೂ ಇದ್ದಾರೆ.

ಈ ಚಾಳಿ ಅವಳಿಗೆ ಅಂಟಿದ್ದು ಚಿಕ್ಕಂದಿನಲ್ಲಿ, ಒಂದು ಚಿನ್ನದ ಕಡ್ಡಿಯಿಂದ.

ಅವಳಪ್ಪ ಎಲಿಯೆಸೆರ್ ಹಳೆಯ ಗೋರಿಗಳನ್ನು ಅಗೆಯುತ್ತಿದ್ದವನು. ಆ ಕಾಲದಲ್ಲಿ ಕಿಂದಿಯೋ ಬೆಟ್ಟಗಳಲ್ಲಿ ಅದೂ ಒಂದು ಕಸುಬು. ಸ್ಪೇನಿನವರು ಬರುವುದಕ್ಕಿಂತ ಎಷ್ಟೋ ಮೊದಲು ಅಲ್ಲಿ ಬಾಳಿದವರು ತಮ್ಮ ಸತ್ತವರನ್ನು ಮಡಕೆ, ಮಣಿ, ಚಿನ್ನದ ಸಮೇತ ಮಣ್ಣು ಮಾಡುತ್ತಿದ್ದರು. ಅಪ್ಪ ಉದ್ದನೆಯ ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಇಳಿಸಿ, ಅದರ ತುದಿಗೆ ಅಂಟಿ ಬಂದ ಮಣ್ಣನ್ನು ಬೆರಳಲ್ಲಿ ಹೊಸಕಿ, ಮೂಸಿ ನೋಡುತ್ತಿದ್ದ. ಮಣ್ಣು ಒಂದೇ ಬಣ್ಣದ್ದಾದರೆ ಮುಂದಕ್ಕೆ ನಡಿ. ಕೆಂಪು, ಕಪ್ಪು ಕಲಸಿಕೊಂಡಿದ್ದರೆ ಯಾರೋ ಒಮ್ಮೆ ಅಗೆದು ಮುಚ್ಚಿದ್ದಾರೆ ಎಂದರ್ಥ. ಹಾಗೆ ಅಗೆದ ಹೆಚ್ಚಿನ ಗುಂಡಿಗಳಲ್ಲಿ ಒಡೆದ ಮಡಕೆಯೇ ಸಿಗುತ್ತಿತ್ತು. ಸಿಕ್ಕ ದಿನವೂ ಸಿಗದ ದಿನವೂ ಅಮ್ಮ ಸೊರಾಯ್ದಾ ಒಂದು ಮೇಣದಬತ್ತಿ ಹಚ್ಚಿಡುತ್ತಿದ್ದಳು. “ಅವರ ಪಾಡಿಗೆ ಅವರು ಮಲಗಿದ್ರು, ಇವನು ಹೋಗಿ ಹೊದಿಕೆ ಎಳೆದ” ಎನ್ನುತ್ತಿದ್ದಳು.

ಬೆರ್ತಿಲ್ದಾಳಿಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಅಂಗಿಯ ಮಡಿಕೆಯಲ್ಲಿ ಸುತ್ತಿ ತಂದ ವಸ್ತುವೊಂದು ಊಟದ ಮೇಜಿನ ಮೇಲೆ ಬಿತ್ತು. ಗೇಣುದ್ದದ ಕಡ್ಡಿ, ತಂತಿಯಂತೆ ಸಪೂರ. ಒಂದು ತುದಿ ನುಣುಪು, ಇನ್ನೊಂದರ ಮೇಲೆ ಅವರೆಕಾಳಿನಷ್ಟು ಗಾತ್ರದ ಹಕ್ಕಿ. ಹಕ್ಕಿಗೆ ಕೊಕ್ಕು, ಕೊಕ್ಕಿಗೆ ಸೀಳು. ಬಾಲ ಮಾತ್ರ ಮುರಿದಿತ್ತು.

“ರಾಣಿ ತುರುಬಿಗೆ ಸಿಕ್ಕಿಸ್ಕೊಳ್ಳೋ ಸೂಜಿ” ಎಂದ ಅಪ್ಪ.

“ಕಿವಿ ಗುಗ್ಗೆ ತೆಗೆಯೋ ಕಡ್ಡಿ” ಎಂದಳು ಅಮ್ಮ. “ರಾಣಿಗೂ ಕಿವಿ ಕಡೀತದೆ.”

ಅಣ್ಣ ಹಿಲ್ದಾರ್ದೋ ಅದನ್ನು ಕೈಯಲ್ಲಿ ಎತ್ತಿ ಹಿಡಿದು, “ರಾಜದಂಡ! ಮರಿ ರಾಜನದ್ದು!” ಎಂದು ಕೋಳಿಗಳ ನಡುವೆ ಮೆರವಣಿಗೆ ಹೊರಟ.

ಬೆರ್ತಿಲ್ದಾ ಯಾರೂ ಇಲ್ಲದಾಗ ಅದನ್ನು ತುರುಬಿಗೆ ಸಿಕ್ಕಿಸಿ ನೋಡಿದಳು, ಜಾರಿ ಬಿತ್ತು. ಕಿವಿಗೆ ಹಾಕಿ ನೋಡಿದಳು. ತುದಿಯಲ್ಲಿ ಬಾಗೇ ಇರಲಿಲ್ಲ, ಗುಗ್ಗೆ ಬರಲಿಲ್ಲ. ಕೊನೆಗೆ ನೆಕ್ಕಿದಳು. ಅದಕ್ಕೆ ಯಾವ ರುಚಿಯೂ ಇರಲಿಲ್ಲ. ಕೆಲವೇ ದಿನಗಳಲ್ಲಿ ಹತ್ತಿರದ ಆರ್ಮೇನಿಯಾ ಪಟ್ಟಣದಿಂದ ಚಿನ್ನ ಕೊಳ್ಳುವವನು ಬಂದ. ಪುಟ್ಟ ತಕ್ಕಡಿ ತೆಗೆದು ಹಕ್ಕಿಯನ್ನು ತೂಗಿದ.

“ಸ್ವಾಮಿ, ಇದು ಯಾತಕ್ಕೆ?” ಎಂದು ಹುಡುಗಿ ಕೇಳಿದಳು.

“ಮಾರೋದಕ್ಕೆ, ಮಗಾ” ಎಂದು ಅವನು ತಕ್ಕಡಿ ಮಡಚಿದ.

ಕಡ್ಡಿ ಹೋಗಿ ಮನೆಗೊಂದು ಹೇಸರಗತ್ತೆ ಬಂತು. ಕತ್ತೆ ಮುದಿಯಾಗಿ ಸತ್ತಿತು, ಅಪ್ಪನೂ ತೀರಿಕೊಂಡ, ಗೋರಿ ಅಗೆಯುವುದಕ್ಕೆ ಕಾನೂನು ಅಡ್ಡ ಬಂತು. ಬೆರ್ತಿಲ್ದಾ ಜೀಪು ಓಡಿಸುವ ಲಿಬಾರ್ದೋನನ್ನು ಮದುವೆಯಾದಳು, ಮಕ್ಕಳನ್ನು ಬೆಳೆಸಿದಳು, ಕಾಫಿಗೆ ತುಕ್ಕುರೋಗ ಬಂದದ್ದನ್ನೂ ಹೋದದ್ದನ್ನೂ ಕಂಡಳು. ಆದರೂ ಹಬ್ಬಕ್ಕೆ ಅಣ್ಣ ತಂಗಿ ಸೇರಿದರೆ ಸಾಕು, ತಟ್ಟೆ ಎತ್ತುವ ಹೊತ್ತಿಗೆ ಅದೇ ಜಗಳ. ರಾಜದಂಡ ಎನ್ನುವುದನ್ನು ಹಿಲ್ದಾರ್ದೋ ಬಿಟ್ಟವನಲ್ಲ. ಬೆರ್ತಿಲ್ದಾ ಯಾವುದನ್ನೂ ಒಪ್ಪಿದವಳಲ್ಲ.

ಅರವತ್ತು ದಾಟಿದ ಮೇಲೆ ಒಂದು ಸಲ ಅವಳು ಬೊಗೋತಾಕ್ಕೆ ಹೋಗಬೇಕಾಗಿ ಬಂತು. ತಂಗಿ ರುಬಿಯೆಲಾಳ ಮೊಮ್ಮಗುವಿಗೆ ಜ್ಞಾನಸ್ನಾನ. ಶನಿವಾರ ಅದು ಮುಗಿಯಿತು. ಭಾನುವಾರ ಊರು ತೋರಿಸುತ್ತೇನೆಂದು ರುಬಿಯೆಲಾ ತನ್ನ ದಪ್ಪ ಕೋಟನ್ನು ಅಕ್ಕನಿಗೆ ಹೊದಿಸಿದಳು.

“ಅಕ್ಕಾ, ಹಗ್ಗದ ಗಾಡೀಲಿ ಬೆಟ್ಟ ಹತ್ತೋಣ. ಮೇಲೆ ಇಗರ್ಜಿ ಇದೆ, ಬಿಸಿ ಚಾಕೊಲೇಟು ಸಿಗುತ್ತೆ.”

“ಬೆಟ್ಟ ನಮ್ಮೂರಲ್ಲೂ ಇದೆ ಕಣೇ. ಹಳೇ ಚಿನ್ನ ಇಟ್ಟಿರೋ ಮನೆ ಇದೆಯಂತಲ್ಲ, ಅಲ್ಲಿಗೆ ಕರ್ಕೊಂಡು ಹೋಗು.”

“ಅಯ್ಯೋ, ಇನ್ನೂ ಆ ಕಡ್ಡಿನಾ? ಮಾರಾಯ್ತಿ, ನಾನು ಆಗ ಹುಟ್ಟೇ ಇರ್ಲಿಲ್ಲ. ಆದ್ರೂ ಕನಸಲ್ಲಿ ಬರುತ್ತೆ, ಅಷ್ಟು ಕೊರೆದಿದ್ದೀರಿ ನೀನೂ ಅಣ್ಣನೂ!”

ಭಾನುವಾರವಾದ್ದರಿಂದ ಚಿನ್ನದ ಮನೆಯ ಮುಂದಿನ ಸಾಲು ಬೀದಿಯ ತಿರುವಿನವರೆಗೂ ಇತ್ತು. ಬಾಗಿಲಲ್ಲಿ ಚೀಲಗಳನ್ನು ಇಸಿದುಕೊಂಡರು. ಒಳಗೆ ಬೆಳಕು ಮಂದವಾಗಿತ್ತು, ಗಾಜಿನ ಪೆಟ್ಟಿಗೆಗಳೊಳಗೆ ಮಾತ್ರ ಚಿನ್ನ ಹೊಳೆಯುತ್ತಿತ್ತು. ಬಾವಲಿಯ ಮುಖದ ಮನುಷ್ಯರು, ಬಾಯಿಯನ್ನೇ ಮುಚ್ಚುವಷ್ಟು ಅಗಲದ ಮೂಗುಬಟ್ಟುಗಳು, ಅಂಗೈಯಗಲದ ಕಪ್ಪೆಗಳು. ಒಂದೊಂದರ ಮುಂದೆಯೂ ಬೆರ್ತಿಲ್ದಾ ನಿಂತಳು. ಇಷ್ಟು ಭಾರದ ಮೂಗುಬಟ್ಟು ಹಾಕಿಕೊಂಡು ಉಣ್ಣುವುದು ಹೇಗೆ? ಎತ್ತಿ ಹಿಡಿದುಕೊಂಡೋ, ತೆಗೆದಿಟ್ಟೋ? ಅದನ್ನು ಹಾಕಿಕೊಂಡವನ ಹೆಂಡತಿ ನಗುತ್ತಿದ್ದಳೋ ಇಲ್ಲವೋ? ರುಬಿಯೆಲಾ ಪೀಠ ಕಂಡಲ್ಲೆಲ್ಲ ಕೂತು ಬೂಟು ಸಡಿಲಿಸಿದಳು.

ಕೆಲವು ಪೆಟ್ಟಿಗೆಗಳ ಕೆಳಗೆ ಸಿಕ್ಕಿದ ಊರಿನ ಹೆಸರಿರಬೇಕಾದ ಜಾಗದಲ್ಲಿ ‘ಗೊತ್ತಿಲ್ಲ’ ಎಂದು ದಪ್ಪಕ್ಷರದಲ್ಲಿತ್ತು. ಅದನ್ನು ಕಂಡು ಅವಳ ಕಾಲು ನಿಂತಿತು. ಗೊತ್ತಿಲ್ಲದೆ ಏನು? ಅಗೆದವನಿಗೆ ಗೊತ್ತಿತ್ತು. ಯಾವ ಇಳಿಜಾರು, ಯಾವ ಮರದ ಬುಡ, ಅವತ್ತು ಮಳೆ ಬಂದಿತ್ತೋ ಇಲ್ಲವೋ, ಎಲ್ಲ ಗೊತ್ತಿತ್ತು. ಅವನನ್ನು ಯಾರೂ ಕೇಳಲಿಲ್ಲ, ಅವನೂ ಬಾಯಿ ಬಿಡಲಿಲ್ಲ. ಸಲಾಕೆಯ ತುದಿಯ ಮಣ್ಣನ್ನು ಮೂಸುತ್ತಿದ್ದ ಅಪ್ಪನ ಮೂಗು ಅವಳ ಕಣ್ಣಿಗೆ ಕಟ್ಟಿತು. ಒಂದು ಕಡೆ ಅಭಿಮಾನ, ಇನ್ನೊಂದು ಕಡೆ ಮುಜುಗರ. ಎರಡೂ ಒಟ್ಟೊಟ್ಟಿಗೆ ಬಂದು ಎದೆಯಲ್ಲಿ ಕೂತವು.

ಮುಂದಿನ ಕೋಣೆಗೆ ಕಾಲಿಟ್ಟವಳು ಅಲ್ಲೇ ಕೂಗಿಕೊಂಡಳು.

“ರುಬಿಯೆಲಾ! ಬಾರೇ ಇಲ್ಲಿ! ಇದೇ! ಇದೇ ಕಣೇ!”

ಒಂದಲ್ಲ, ಒಂದು ಸಾಲು ಕಡ್ಡಿಗಳು. ಎಲ್ಲವೂ ಗೇಣುದ್ದ, ಎಲ್ಲವೂ ಸಪೂರ. ತಲೆಯ ಮೇಲೆ ಒಂದಕ್ಕೆ ಮಂಗ, ಒಂದಕ್ಕೆ ಕುಣಿಯುವವನು, ಮೂರ್ನಾಲ್ಕಕ್ಕೆ ಹಕ್ಕಿ. ಅವಳು ಹಣೆಯನ್ನು ಗಾಜಿಗೆ ಒತ್ತಿದಳು. ಎಲ್ಲೋ ಕಿರ್ರೆಂದು ಗಂಟೆ ಕೂಗಿತು. ನೀಲಿ ಕೋಟಿನ ಕಾವಲುಗಾರ ಓಡಿಬಂದ.

“ಅಮ್ಮಾ, ಗಾಜಿನಿಂದ ಹಣೆ ತೆಗೀರಿ.”

“ತೆಗೀತೀನಪ್ಪಾ, ತೆಗೀತೀನಿ. ಮೊದಲು ಹೇಳು, ಇದು ಯಾತಕ್ಕೆ?”

“ಅಲ್ಲೇ ಬರೆದಿದೆಯಲ್ಲ.”

“ಇದು ಸಣ್ಣಕ್ಷರ. ನನ್ನ ಕನ್ನಡಕ ಚೀಲದಲ್ಲಿದೆ. ಚೀಲ ನೀವೇ ಇಸ್ಕೊಂಡ್ರಿ.”

ಕಾವಲುಗಾರ ನಿಟ್ಟುಸಿರು ಬಿಟ್ಟು ಬಗ್ಗಿ ಓದಿದ. “ಸುಣ್ಣದ ಕಡ್ಡಿ.”

“ಏನು?”

“ಸುಣ್ಣ, ಅಮ್ಮಾ. ಕೋಕಾ ಎಲೆ ಜಗೀತಿದ್ರಲ್ಲ, ಅದಕ್ಕೆ ಸುಣ್ಣ ಬೇಕು. ಅದೋ ಆ ಚಿನ್ನದ ಸೋರೆಬುರುಡೆ ಇದೆಯಲ್ಲ, ಅದು ಸುಣ್ಣದ ಕಾಯಿ. ಕಡ್ಡಿ ಒಳಗೆ ಅದ್ದಿ, ತುದಿಗೆ ಹತ್ತಿದ್ದನ್ನ ಬಾಯಿಗೆ ಇಟ್ಕೊಳ್ಳೋದು. ಅಷ್ಟೇ.”

“ಅಷ್ಟೇನಾ?”

“ಅಷ್ಟೇ.”

ರುಬಿಯೆಲಾಳ ನಗು ಕೋಣೆಯ ತುಂಬ ಉರುಳಿತು. “ಅಕ್ಕಾ! ಇಡೀ ಆಯುಷ್ಯ ಜಗಳ ಆಡಿದ್ದು ಸುಣ್ಣದ ಕಡ್ಡಿಗಾ! ಹಿಲ್ದಾರ್ದೋ ಅಣ್ಣನ ರಾಜದಂಡ!”

ಬೆರ್ತಿಲ್ದಾ ನಗಲಿಲ್ಲ. ಮೊದಲು ಅವಳಿಗೆ ಏನೋ ಕೈಜಾರಿದಂತಾಯಿತು. ಆಮೇಲೆ ಮೆಲ್ಲಗೆ ಬೇರೆಯೇ ಒಂದು ಖುಷಿ ಏರಿಬಂತು. ಬಾಯಿಗೆ ಒಂದು ಚಿಟಿಕೆ ಸುಣ್ಣ ಇಡುವುದಕ್ಕೆ ಯಾರೋ ಕೂತು ಇಷ್ಟು ಚಂದದ ಹಕ್ಕಿ ಮಾಡಿದ್ದಾನೆ. ಇಷ್ಟು ಸಣ್ಣ ಕೊಕ್ಕಿಗೂ ಸೀಳು ಹಾಕಿದ್ದಾನೆ. ನೆಕ್ಕಿ ನೋಡಿದ್ದು ತಪ್ಪಾಗಿರಲಿಲ್ಲ, ಅದು ಬಾಯಿಗೆ ಇಡುವ ವಸ್ತುವೇ! ಆದರೆ ಅದರ ಮೇಲಿದ್ದ ರುಚಿ ಮಾತ್ರ ಎಂದೋ ಮಣ್ಣಿಗೆ ಹೋಗಿತ್ತು.

ಹಕ್ಕಿಗಳನ್ನು ಒಂದೊಂದಾಗಿ ನೋಡಿದಳು. ಎಲ್ಲಕ್ಕೂ ಬಾಲವಿತ್ತು. ತನ್ನದು ಇಲ್ಲ. ಕೊಳ್ಳುವವನ ಮೂಸೆಯಲ್ಲಿ ಕರಗಿ ಯಾರದೋ ಮದುವೆಯುಂಗುರವಾಗಿರಬೇಕು ಎಂದುಕೊಂಡಳು.

“ಸುಣ್ಣ ಹಾಕಿದ್ರೆ ಹೇಗಿರುತ್ತೆ? ಖಾರಾನಾ?” ಎಂದು ಕಾವಲುಗಾರನನ್ನು ಕೇಳಿದಳು.

“ನನಗೇನು ಗೊತ್ತಮ್ಮ?”

“ದಿನಾ ಇದರ ಮುಂದೆ ನಿಂತ್ಕೋತೀಯ, ಒಂದು ಸಲಾನೂ ಬಾಯಿಗೆ ಹಾಕಿ ನೋಡ್ಬೇಕು ಅನ್ನಿಸ್ಲಿಲ್ವಾ?”

“ನಾನು ಕಡಲ ಕಡೆಯವನು. ನಮ್ಮಲ್ಲಿ ತಿನ್ನೋದು ಮೀನು” ಎಂದ ಅವನು ಮಾನ ಉಳಿಸಿಕೊಳ್ಳುವವನಂತೆ. “ತೆಂಕಣ ಬೆಟ್ಟದಲ್ಲಿ, ಕಾವ್ಕಾದ ಕಡೆ, ನಾಸಾ ಬುಡಕಟ್ಟಿನ ಜನ ಈಗಲೂ ಜಗೀತಾರಂತೆ. ಅವರನ್ನ ಕೇಳಿ.”

ರುಬಿಯೆಲಾ ಅಕ್ಕನ ಮುಖ ನೋಡಿದಳು. “ಮುಗೀತು ಕಥೆ” ಎಂದಳು. “ಪಾಪ ಲಿಬಾರ್ದೋ ಭಾವ.”

ಊರಿಗೆ ಬಂದ ದಿನವೇ ಬೆರ್ತಿಲ್ದಾ ಅಣ್ಣನ ಮನೆಗೆ ಹೋಗಿ ಸುದ್ದಿ ಮುಟ್ಟಿಸಿದಳು. ಹಿಲ್ದಾರ್ದೋ ಕಾಫಿ ಹೀರುವುದನ್ನು ನಿಲ್ಲಿಸಲಿಲ್ಲ.

“ಗಾಜಿನ ಕೆಳಗಿನ ಚೀಟಿ ಬರೆದವನು ಆ ಕಾಲದಲ್ಲಿ ಇದ್ನಾ?”

“ಇರ್ಲಿಲ್ಲ.”

“ಮತ್ತೆ? ರಾಜನೂ ಎಲೆ ಹಾಕ್ತಿದ್ದ. ರಾಜ ಹಿಡಿದದ್ದೇ ರಾಜದಂಡ.”

ಅವಳು ಮನೆಗೆ ಬಂದಳು. ಕೊಯ್ಲು ಮುಗಿಯುವವರೆಗೆ ಹೇಗೋ ತಡೆದುಕೊಂಡಳು. ಆಮೇಲೆ ಒಂದು ಮುಂಜಾನೆ ಗಂಡನಿಗೆ ಬೆಲ್ಲದ ನೀರು ಕೊಡುತ್ತ, “ಕಾವ್ಕಾಕ್ಕೆ ಹೋಗಿಬರೋಣ” ಎಂದಳು.

“ಅಲ್ಲಿ ನಮ್ಮವರು ಯಾರಿದ್ದಾರೆ?”

“ಯಾರೂ ಇಲ್ಲ.”

ಲಿಬಾರ್ದೋ ಹೆಂಡತಿಯನ್ನು ಬಲ್ಲವನು. ಟೋಪಿ ಹುಡುಕಲು ಎದ್ದ.

ಬಸ್ಸಿನಲ್ಲಿ ಕಾಲಿ ನಗರ ದಾಟಿ, ಪೊಪಾಯಾನಿನಲ್ಲಿ ರಾತ್ರಿ ಕಳೆದು, ಮಂಗಳವಾರದ ಸಂತೆಗೆ ಸಿಲ್ವಿಯಾಕ್ಕೆ ಬಂದಿಳಿದರು. ಚಳಿ ಊರು. ಈರುಳ್ಳಿ, ಆಲೂಗಡ್ಡೆ, ನೀಲಿ ಶಾಲುಗಳ ನಡುವೆ ಬೆರ್ತಿಲ್ದಾ ಎಲ್ಲರ ಕೆನ್ನೆಯನ್ನೇ ನೋಡುತ್ತ ನಡೆದಳು. ಸಂತೆಯ ತುದಿಯಲ್ಲಿ ಗೋಡೆಗೊರಗಿ ಕೂತ ಒಬ್ಬ ನಾಸಾ ಹೆಂಗಸಿನ ಕೆನ್ನೆ ಅಡಕೆ ಇಟ್ಟಂತೆ ಉಬ್ಬಿತ್ತು. ಬಣ್ಣದ ಉಣ್ಣೆಯಲ್ಲಿ ಹೆಣೆದ ಪುಟ್ಟ ಸಂಚಿ ಕೊರಳಲ್ಲಿ ತೂಗುತ್ತಿತ್ತು. ಹೆಸರು ಫ್ಲೋರಿಂದಾ ಅಚಿಕ್ವೆ. ಮಾರಲು ತಂದ ಬೆಳ್ಳುಳ್ಳಿ ಮುಂದಿತ್ತು. ಬೆರ್ತಿಲ್ದಾ ಬೆಳ್ಳುಳ್ಳಿ ಕೊಂಡಳು, ಇನ್ನಷ್ಟು ಕೊಂಡಳು, ಕೊನೆಗೆ ಧೈರ್ಯ ಮಾಡಿ ಕೇಳಿಯೇಬಿಟ್ಟಳು.

“ಅಕ್ಕಾ, ಸುಣ್ಣ ಯಾತರಲ್ಲಿ ತೆಗೀತೀರಿ?”

ಫ್ಲೋರಿಂದಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಎಲೆ ಹಿಡಿಯೋಕೆ ಬಂದ ಪೊಲೀಸಾ ನೀನು?”

“ಅಡುಗೆಯವಳು.”

“ಹಾಗಾದ್ರೆ ಕೂತ್ಕೋ.”

ಅವಳು ಸಂಚಿಯಿಂದ ಮುಷ್ಟಿಗಾತ್ರದ ಸೋರೆಬುರುಡೆ ತೆಗೆದಳು. ಅದರ ಬಾಯೊಳಗಿಂದ ಹೊರಬಂದ ಕಡ್ಡಿಯನ್ನು ಕಂಡು ಲಿಬಾರ್ದೋ ಕಿಸಕ್ಕೆಂದ. ಮುರಿದ ಛತ್ರಿಯ ಕಡ್ಡಿ! ಚಿನ್ನದ ಕಡ್ಡಿಯ ಕಥೆಯನ್ನು ಬೆರ್ತಿಲ್ದಾ ಹೇಳಿದಾಗ ಫ್ಲೋರಿಂದಾ ಜಗಿಯುವುದನ್ನು ನಿಲ್ಲಿಸಿ ಕೇಳಿದಳು. ಗೋರಿಯ ಮಾತು ಬಂದಾಗ ಅವಳ ಮುಖ ಗಂಟಿಕ್ಕಿತು.

“ನಿಮ್ಮಪ್ಪ ಕಿತ್ಕೊಂಡ. ಸತ್ತವನು ಅಲ್ಲಿ ಎಲೆಗೆ ಸುಣ್ಣ ಇಲ್ದೆ ಕೂತಿದ್ದಾನೆ.”

“ಹೌದು” ಎಂದಳು ಬೆರ್ತಿಲ್ದಾ. “ನಮ್ಮಮ್ಮ ಮೇಣದಬತ್ತಿ ಹಚ್ಚಿಡ್ತಿದ್ಲು.”

“ಮೇಣದಬತ್ತಿ ಜಗಿಯೋಕಾಗುತ್ತಾ?” ಎಂದಳು ಫ್ಲೋರಿಂದಾ. ಆಮೇಲೆ ಅವಳೇ ಒಂದು ಹಿಡಿ ಹುರಿದ ಎಲೆಯನ್ನು ಬೆರ್ತಿಲ್ದಾಳ ಅಂಗೈಗೆ ಸುರಿದಳು. “ಮೊದ್ಲು ಎಲೆ ನೆನೀಲಿ. ಸುಣ್ಣ ಎಲೆ ಮಧ್ಯಕ್ಕೆ ಹೋಗ್ಬೇಕು. ಚರ್ಮಕ್ಕೆ ತಾಗಿಸ್ಬೇಡ.”

ಬೆರ್ತಿಲ್ದಾ ತಾಗಿಸಿದಳು. ನಾಲಿಗೆಗೆ ಕೆಂಡ ಇಟ್ಟಂತಾಯಿತು. ಕಣ್ಣಲ್ಲಿ ನೀರು ದಳದಳ ಇಳಿಯಿತು. ಫ್ಲೋರಿಂದಾ ಬೆಳ್ಳುಳ್ಳಿಯ ರಾಶಿ ಚದುರುವಂತೆ ನಕ್ಕಳು, ಪಕ್ಕದ ಈರುಳ್ಳಿಯವಳೂ ನಕ್ಕಳು.

“ಸಾಕು, ಏಳು” ಎಂದ ಲಿಬಾರ್ದೋ.

ಅವಳು ಏಳಲಿಲ್ಲ. ಛತ್ರಿ ಕಡ್ಡಿಯನ್ನು ಮತ್ತೆ ಬುರುಡೆಗೆ ಇಳಿಸಿದಳು. ಈ ಸಲ ಎಲೆಯ ನಡುವೆ ಜೋಪಾನವಾಗಿ ಇಟ್ಟಳು. ಮೊದಲು ಹುಲ್ಲಿನ ಕಹಿ, ಹಿಂದೆಯೇ ಒಂದು ತೆಳುವಾದ ಸಿಹಿ. ನಿಧಾನಕ್ಕೆ ಕೆನ್ನೆ ಜೋಮು ಹಿಡಿದು ಯಾರದೋ ಕೆನ್ನೆಯಂತಾಯಿತು. ಬಸ್ಸಿನಲ್ಲಿ ಕೂತು ನೋಯುತ್ತಿದ್ದ ಬೆನ್ನು ಎಲ್ಲಿದೆಯೆಂಬುದೇ ಮರೆತುಹೋಯಿತು. ಎದುರಿನ ಬೆಟ್ಟದ ಮೇಲೆ ಮೋಡ ಇಳಿಯುವುದನ್ನು ನೋಡುತ್ತ, ಇಬ್ಬರು ಹೆಂಗಸರೂ ಗೋಡೆಗೊರಗಿ ಬಹಳ ಹೊತ್ತು ಜಗಿದರು. ಗಿರಾಕಿಗಳು ಬಂದು ತಾವೇ ಬೆಳ್ಳುಳ್ಳಿ ಆರಿಸಿಕೊಂಡರು.

ಕೊನೆಗೆ ತೊದಲುವ ನಾಲಿಗೆಯಲ್ಲೇ ಬೆರ್ತಿಲ್ದಾ ಕೇಳಿದಳು: “ಈ ಸುಣ್ಣ... ಎಲ್ಲಿ ಸುಡ್ತೀರಿ?”

ಫ್ಲೋರಿಂದಾ ಗದ್ದದಿಂದ ಮೋಡದ ಕಡೆ ತೋರಿಸಿದಳು. “ಆಚೆ ಬೆಟ್ಟದ ಮೇಲೆ. ನನ್ನ ತಮ್ಮನ ಸುಣ್ಣದ ಗೂಡು. ನಾಡಿದ್ದು ಕಲ್ಲು ಏರಿಸ್ತಾರೆ, ಎರಡು ದಿನ ಬೆಂಕಿ. ನೋಡ್ಬೇಕಾ?”

ಬೆರ್ತಿಲ್ದಾ ಗಂಡನ ಕಡೆ ತಿರುಗಿದಳು. ಲಿಬಾರ್ದೋ ಆಗಲೇ ಈರುಳ್ಳಿಯವಳ ಹತ್ತಿರ, ಈ ಊರಲ್ಲಿ ದಪ್ಪನೆಯ ಕಂಬಳಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಿದ್ದ.