ಕೆಮಿಸ್ಟ್ರಿಗೆ ಒಂದು ಹೆಸರು ಕಡಿಮೆ

ನಾನು ಬಿ.ಎಸ್ಸಿ.ಗೆ ಕೆಮಿಸ್ಟ್ರಿ ಆರಿಸಿಕೊಂಡದ್ದು ಸೇಡಿಗೆ. ಯಾರಾದರೂ ಕೇಳಿದರೆ ವಿಷಯದ ಮೇಲಿನ ಪ್ರೀತಿ ಎನ್ನುತ್ತೇನೆ. ಆ ಪ್ರೀತಿ ಆಮೇಲೆ ಬಂತು.

ಅವ್ವನ ತಮ್ಮ, ಅಂದರೆ ನನ್ನ ಸೋದರಮಾವ, ನಮ್ಮ ಅಕ್ಕನಿಗೆ ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಕೂಸು ಹುಟ್ಟೋ ಮುಂಚೆ ಕುಲಾವಿ ಅನ್ನುತ್ತಾರಲ್ಲ, ನಮ್ಮ ಮನೆತನದಲ್ಲಿ ಅದು ಗಾದೆಯಲ್ಲ, ಪದ್ಧತಿ. ಅಕ್ಕ ಪಿಯುಸಿ ಸೈನ್ಸ್ ಮಾಡಿದಳು, ಕೆಮಿಸ್ಟ್ರಿಯಲ್ಲಿ ಕಾಲೇಜಿಗೇ ಮೊದಲು ಬಂದಳು. ಡಿಗ್ರಿಗೆ ಹೋಗುತ್ತೇನೆ ಎಂದಾಗ ಅಜ್ಜಿ, "ಮಾಮಾನ ಮನಿಗೆ ಹೋಗಾಕಿಗೆ ಡಿಗ್ರಿ ಯಾಕ ಬೇಕು? ಅಂವಾ ಕಲ್ತಾನಲ್ಲ, ಸಾಕು" ಎಂದಳು. ಆಗ ಎಂ.ಎಸ್ಸಿ. ಓದುತ್ತಿದ್ದ ಮಾವ ಅಲ್ಲೇ ನಮ್ಮ ಪಡಸಾಲೆಯಲ್ಲಿ ಕೂತಿದ್ದ. ಪೇಪರಿನ ಹಾಳೆ ತಿರುವಿದ. ಅಕ್ಕ ಹೊಲಿಗೆ ಮಷಿನ್ ಮುಂದೆ ಕೂತು ಊರವರ ಜಂಪರ್ ಹೊಲಿಯತೊಡಗಿದಳು.

ಕೆಲವು ವರ್ಷ ಕಳೆದವು. ಅದೇ ಮಾವ ಅದೇ ಪಡಸಾಲೆಗೆ ಬಂದು, "ನನಗ ಡಿಗ್ರಿ ಆದಾಕಿ ಬೇಕು, ಯಕ್ಕಾ. ಇಕಿದು ಬರೇ ಪಿಯುಸಿ" ಎಂದ. ಬೆಳಗಾವಿ ಕಡೆಯ ಹುಡುಗಿಯನ್ನು ಮದುವೆಯಾದ. ಅವ್ವ ಅತ್ತಳು. ಅಪ್ಪ ಅವಳ ತವರಿನ ಹೊಸಿಲು ತುಳಿಯುವುದಿಲ್ಲ ಎಂದ. ಅಕ್ಕ ಮಾತ್ರ ಏನೂ ಅನ್ನಲಿಲ್ಲ. ಅವಳು ಅನ್ನದ್ದನ್ನೆಲ್ಲ ನಾನು ನನ್ನ ಹೊಟ್ಟೆಯಲ್ಲಿ ಇಟ್ಟುಕೊಂಡೆ. ಆಗ ನಾನು ಎಂಟನೇ ತರಗತಿ.

ಮಾವ ನಮ್ಮ ತಾಲೂಕಿನ ಕಾಲೇಜಿನಲ್ಲಿ ಕೆಮಿಸ್ಟ್ರಿಗೆ ಅತಿಥಿ ಉಪನ್ಯಾಸಕನಾದ. ಕಾಯಂ ಮೇಷ್ಟ್ರು ಬಂದರೆ ಅತಿಥಿ ಮನೆಗೆ ಹೋಗಬೇಕು ಎಂಬುದು ತಿಳಿದದ್ದೇ ತಡ, ನನ್ನ ಭವಿಷ್ಯ ನಿಶ್ಚಯವಾಯಿತು. ಧಾರವಾಡದಲ್ಲಿ ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ ಎರಡೂ ಸಿಗುವ ಬಿ.ಎಸ್ಸಿ., ಮುಂದೆ ಎಂ.ಎಸ್ಸಿ., ಪರೀಕ್ಷೆ ಬರೆದು ಕಾಯಂ ನೌಕರಿ, ಕೇಳಿ ಹಾಕಿಸಿಕೊಂಡ ಪೋಸ್ಟಿಂಗ್ ಅದೇ ಕಾಲೇಜಿಗೆ. ಅವನು ಚಾಕ್‌ಪೀಸ್ ಕೆಳಗಿಟ್ಟು ಎದ್ದು ಹೋಗುವುದನ್ನು ನೆನೆಸಿಕೊಂಡು ಎಷ್ಟು ಸುಖಪಟ್ಟೆನೋ. ಸಮೀಕರಣ ತಲೆಗೆ ಹತ್ತದಿದ್ದರೆ ಅವನ ಮುಖ ನೆನೆಯುತ್ತಿದ್ದೆ, ಹತ್ತುತ್ತಿತ್ತು. ಹೇಳಿಕೊಡುತ್ತಿದ್ದವಳು ಅಕ್ಕ, ಮಷಿನ್ ತುಳಿಯುತ್ತಲೇ.

ನನ್ನ ಪಿಯುಸಿ ರಿಸಲ್ಟ್ ಬಂದ ವಾರವೇ ಮಾವ ಬಂದ. ಈಗೀಗ ಸೈನ್ಸ್‌ಗೆ ಹುಡುಗರು ಬರುವುದಿಲ್ಲವೆಂದು ಮೇಷ್ಟ್ರುಗಳು ಬಿಸಿಲಲ್ಲಿ ಹಳ್ಳಿ ಹಳ್ಳಿ ತಿರುಗಿ ಹುಡುಗರನ್ನು ಕರೆಯುತ್ತಾರೆ. ಮಾವನೂ ಹಾಗೇ ಬಂದವನು, ಇಸ್ತ್ರಿ ಅಂಗಿ ಹಾಕಿಕೊಂಡು, ಕನ್ಯಾ ನೋಡಲು ಬಂದವನ ಹಾಗೆ ಜಮಖಾನೆಯ ತುದಿಗೆ ಕೂತ. ಅವ್ವ ಚುರುಮುರಿ ಸೂಸಲ, ಚಹಾ ತಂದಿಟ್ಟಳು.

"ಕೆಮಿಸ್ಟ್ರಿಗೆ ಒಂದ ಹೆಸರು ಕಡಿಮಿ ಬಿದ್ದೈತಿ, ಯಕ್ಕಾ. ಅದೊಂದು ಆಗಲಿಲ್ಲಂದ್ರ ಈ ವರ್ಷ ಕ್ಲಾಸ ಬಂದ್. ನನ್ನ ನೌಕರೀನೂ ಹೋಗತೈತಿ."

ದೇವರು ನನಗೆ ಇಷ್ಟು ಬೇಗ ಒಲಿಯುತ್ತಾನೆಂದು ಅಂದುಕೊಂಡಿರಲಿಲ್ಲ. ಲ್ಯಾಬಿನಲ್ಲಿ ಗ್ಯಾಸ್ ಇದೆಯೇ ಎಂದು ಕೇಳಿದೆ. ಮುಗಿದಿದೆ, ಬರುತ್ತದೆ ಎಂದ. ತಕ್ಕಡಿ? ಒಂದಿದೆ, ರಿಪೇರಿಗೆ ಹೋಗಿದೆ. ಬಯೋಕೆಮಿಸ್ಟ್ರಿ? ಇಲ್ಲ. ಒಂದೊಂದು ಉತ್ತರಕ್ಕೂ ಅವನ ದನಿ ಇಳಿಯುತ್ತಿತ್ತು, ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು.

"ನನಗ ಚೊಲೋ ಕಾಲೇಜು ಬೇಕು, ಮಾಮಾ. ನಿಮ್ಮದು ಬರೇ ತಾಲೂಕಿಂದು" ಎಂದೆ.

ಅವನಿಗೆ ತಿಳಿಯಿತು. ಅವ್ವನ ಕಡೆ ತಿರುಗಿ, "ನೀನರ ಒಂದ ಮಾತ ಹೇಳ, ಯಕ್ಕಾ" ಎಂದ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಹುಡುಗಿ ಒಪ್ಪಬೇಕಲ್ಲೋ ತಮ್ಮಾ. ಅವತ್ತ ನಿನಗ ನಾ ಜುಲುಮಿ ಮಾಡಿದ್ನೇನು?"

ಮಾಡಿದ್ದುಣ್ಣೋ ಮಹಾರಾಯ ಎಂದು ನಾನು ಒಳಗೊಳಗೇ ಕುಣಿಯುತ್ತಿದ್ದೆ. ಅಷ್ಟರಲ್ಲಿ ಒಳಕೋಣೆಯ ಮಷಿನ್ ಸದ್ದು ನಿಂತಿತು. ಅಕ್ಕ ಹೊರಗೆ ಬಂದಳು. ಸೀರೆಗೆ ದಾರದ ತುಣುಕುಗಳು ಅಂಟಿದ್ದವು.

"ನನ್ನ ಹೆಸರು ಹಚ್ಚಿಕೊಳ್ರಿ" ಎಂದಳು.

ಮಾವ ಲೋಟ ಕೆಳಗಿಟ್ಟ. "ನೀನು? ಇಷ್ಟ ವರ್ಷ ಆದಮ್ಯಾಲೆ?"

"ವಯಸ್ಸು ಅಡ್ಡ ಬರಂಗಿಲ್ಲಂತ, ಕೇಳೇನಿ. ನಾಳೆ ಮಾರ್ಕ್ಸ್ ಕಾರ್ಡ್ ತರ್ತೇನ್ರಿ, ಸರ್."

ಅವಳು ಅವನನ್ನು ಹುಟ್ಟಿದಾಗಿನಿಂದ ಮಾಮಾ ಎಂದೇ ಕರೆದವಳು. ಮಾವ ಬೇಡ ಎನ್ನುವಂತಿರಲಿಲ್ಲ. ಹೂಂ ಎಂಬಂತೆ ತಲೆ ಆಡಿಸಿ ಎದ್ದ. ಚಪ್ಪಲಿ ಮೆಟ್ಟುವಾಗಲೂ ಮೇಲೆ ನೋಡಲಿಲ್ಲ.

ಅವನ ಗಾಡಿ ಓಣಿ ದಾಟುವವರೆಗೂ ತಡೆದುಕೊಂಡಿದ್ದೆ. ಆಮೇಲೆ ಅಕ್ಕನ ಮೇಲೆ ಹರಿಹಾಯ್ದೆ. ಇಷ್ಟು ವರ್ಷ ನಾನು ಕಾದದ್ದನ್ನು ಅವಳು ಒಂದು ಮಾತಿನಲ್ಲಿ ಮಣ್ಣುಪಾಲು ಮಾಡಿದ್ದಳು.

"ಹುಚ್ಚಿ ಏನ ನೀ? ಅಂಥವನ ನೌಕರಿ ಉಳಸ್ತಿ?"

ಅಕ್ಕ ಒಳಗೆ ಹೋಗಿ ಮಷಿನ್ ಮುಂದೆ ಕೂತಳು. ಅರ್ಧ ಹೊಲಿದ ತೋಳನ್ನು ಸೂಜಿಯ ಕೆಳಗೆ ಸರಿ ಮಾಡಿಟ್ಟಳು.

"ಉಳೀಲಿ. ನನಗೂ ಓದೂದೈತಿ. ಮತ್ತ ಮೂರು ವರ್ಷ ದಿನಾ ಮುಂಜಾನೆ ಹಾಜರಿ ತಗೊಳ್ಳುವಾಗ, ಅಂವಾ ನನ್ನ ಹೆಸರು ಕರೀಬೇಕಲ್ಲ."