ತೆಂಗಿನೆಣ್ಣೆ ಬಾಟಲಿ

ಗೆಳೆಯರೇ, ಕಾರವಾರದ ನಮ್ಮ ಓಣಿಯಲ್ಲಿ ಇಂದು ಒಳಚರಂಡಿ ಉಕ್ಕಿತು. ಮುಚ್ಚಳ ತೆಗೆದು ನೋಡಿದರೆ, ಮೂಲೆಯ ಹೋಟೆಲಿನವರು ಮೀನು ಹುರಿದು ಸುರಿದ ಎಣ್ಣೆ ಒಳಗೆ ಗಟ್ಟಿ ಬೆಣ್ಣೆ! ಜಿಡ್ಡು ತಡೆಯುವ ತೊಟ್ಟಿ ಕಟ್ಟಬೇಕಿದ್ದ ಜಾಗದಲ್ಲಿ ಅವರು ಫ್ರಿಜ್ ಇಟ್ಟಿದ್ದಾರೆ.

ಚರಂಡಿ ಬಿಡಿಸಲು ಬಂದ ನಾಗಪ್ಪನಿಗೆ ಹೋಟೆಲ್ ಮಾಲೀಕರು ತೆಂಗಿನೆಣ್ಣೆ ಬಾಟಲಿ ಕೊಟ್ಟು, "ಮೈಗೆ ಹಚ್ಕಂಡು ಇಳಿಯೋ ಮಾರಾಯಾ, ಜಿಡ್ಡು ಹಿಡಿಯೂದಿಲ್ಲ" ಎಂದರು.

"ನಮ್ಮಣ್ಣನೂ ಹಚ್ಕಂಡೇ ಇಳ್ದಿದ್ದ, ಸಾವ್ಕಾರ್ರೆ. ಮೇಲೆ ತಂದದ್ದು ಹೆಣ. ತೊಳಿಯೂಕೆ ಸೋಪೂ ಸಾಕಾಗ್ಲಿಲ್ಲ" ಎಂದ ನಾಗಪ್ಪ, ಬಾಟಲಿ ಮರಳಿಸಿ ನಡೆದುಬಿಟ್ಟ.

ಮಾಲೀಕರು ಇನ್ನೊಬ್ಬನಿಗಾಗಿ ಅಂಕೋಲೆಗೆ ಫೋನ್ ಹಚ್ಚಿದರು. ನಾನು ಚರಂಡಿ ತೊಳೆಯುವ ಯಂತ್ರಕ್ಕಾಗಿ ನಗರಸಭೆಗೆ. ನನ್ನದಿನ್ನೂ ಬರೀ ರಿಂಗು, ಅವರದಾಗಲೇ ಬುಕಿಂಗು.

ಸದ್ಯ ಮುಚ್ಚಳ ಹಾಕಿ, ಅದರ ಮೇಲೆ ಕುರ್ಚಿಯಿಟ್ಟು ಕುಳಿತೇ ಇದನ್ನು ಬರೆಯುತ್ತಿದ್ದೇನೆ. ಕುರ್ಚಿ ಅದೇ ಹೋಟೆಲಿನದು.